ಕಂಪೌಂಡರಿಗೆ ತೋರಿಸದ ಕಾಗದಗಳು

ಜೂನ್ ೧೪

ಚಿರಂಜೀವಿ ಮಗಳಿಗೆ ನಿನ್ನ ತಾಯಿಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು.

ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಅನಾಹುತವಾದ ಮೇಲೆ ನೀನು ಯಾರಿಗೂ ಒಂದು ಮಾತು ಹೇಳದೆ ಊರು ಬಿಟ್ಟಿದ್ದು ಎಲ್ಲರಿಗೂ ಬೇಸರ ತಂದಿದೆ. ಸತ್ತವರು ಹಿಂದಿರುಗಿ ಬರುವುದಿಲ್ಲ. ಮಾಲೀಕರು ದೊಡ್ಡ ಮನಸ್ಸಿನವರು. ಹೊಲಿಗೆ ವಿಭಾಗ ಮತ್ತೆ ಶುರುವಾಗಿದ್ದು ನಿನ್ನ ಮೆಷಿನನ್ನು ನಿನಗೇ ಉಳಿಸಿದ್ದಾರೆ. ಸಾಕ್ಷಿ ಹೇಳುತ್ತೇನೆಂದು ಕೋರ್ಟು ಅಲೆಯುವ ವಯಸ್ಸು ನಿನ್ನದಲ್ಲ. ನಿನಗೆ ಹಾಕುವ ಕಾಗದವನ್ನು ಪರವೂರಿನ ವಕೀಲರು ಕೊಟ್ಟುಹೋದ ಕವರಿನಲ್ಲಿ ಹಾಕಬೇಕಾಗಿ ಬಂದಿರುವುದು ತಾಯಿಯ ಕರುಳಿಗೆ ನೋವಿನ ಸಂಗತಿ. ನೀನು ಉಳಿದುಕೊಂಡಿರುವ ಮನೆ, ಬೀದಿ, ಊರು ಎಲ್ಲವನ್ನೂ ಸ್ಪಷ್ಟವಾಗಿ ತಿಳಿಸಬೇಕು.

ಇಂತಿ,
ನಿನ್ನ ತಾಯಿ
(ಹೇಳಿಸಿಕೊಂಡು ಬರೆದವರು: ಪಕ್ಕದ ಮನೆ ಕಂಪೌಂಡರ್)


ಜೂನ್ ೨೯

ಅಮ್ಮನಿಗೆ ಗುಬ್ಬಿಯ ನಮಸ್ಕಾರ. ಓದಿ ಹೇಳುತ್ತಿರುವ ಕಂಪೌಂಡರ್ ಮಾವನಿಗೂ ನಮಸ್ಕಾರ.

ನಿನ್ನ ಕಾಗದ ಬಂತು. ನೀನು ನನ್ನನ್ನು ಹುಟ್ಟಿದಾಗಿನಿಂದ ಒಂದು ದಿನವೂ ‘ಚಿರಂಜೀವಿ’ ಅಂದವಳಲ್ಲ. ‘ಕತ್ತೆ’ ಅನ್ನದೆ ನನಗೆ ಊಟಕ್ಕೆ ಬಡಿಸಿದವಳೂ ಅಲ್ಲ. ಎರಡು ಸಲ ಓದಿದರೂ ಕಾಗದದಲ್ಲಿ ನೀನು ಎಲ್ಲೂ ಸಿಗಲಿಲ್ಲ.

ನಾನು ಚೆನ್ನಾಗಿದ್ದೇನೆ. ನೆಗಡಿ ಬಂದು ಹೋಯಿತು. ಇಲ್ಲಿ ಸಮುದ್ರದ ಗಾಳಿಗೆ ಕೂದಲೆಲ್ಲ ಅಂಟಂಟು, ಬಾಚಣಿಗೆ ಓಡುವುದಿಲ್ಲ. ಒಬ್ಬ ಮುದುಕಿಯ ಮನೆಯಲ್ಲಿ ಇದ್ದೇನೆ, ಅವಳಿಗೆ ಕಿವಿ ಕೇಳಿಸುವುದಿಲ್ಲ, ನಿನ್ನಷ್ಟೇ ಜೋರಾಗಿ ಮಾತಾಡುತ್ತಾಳೆ.

ಅಮ್ಮ, ಬೀದಿಯ ಕೊನೆಯ ಶಾಲೆಯಲ್ಲಿ ಸರ್ಕಾರದವರು ದೊಡ್ಡವರಿಗೆ ಸಂಜೆ ಅಕ್ಷರ ಕಲಿಸುತ್ತಾರಲ್ಲ, ಅಲ್ಲಿಗೆ ಹೋಗು. ಮುದುಕಿಯರು ಸ್ಲೇಟು ಹಿಡಿದು ಕೂತಿದ್ದನ್ನು ನೋಡಿ ನಾವಿಬ್ಬರೂ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ದಯವಿಟ್ಟು ಹೋಗು.

ನಿನ್ನ,
ಗುಬ್ಬಿ


೧೭–೯

ಮಗಳೇ,

ಈ ಕಾಗದ ನಾನೇ ಬರೆದೆ. ಯಾರಿಗೂ ತೋರಿಸದೆ ಬರೆದೆ. ಸಂಜೆ ಶಾಲೆಗೆ ಹೋಗಿ ಕಲಿತೆ.

ನೀನು ಬರೆದ ಕಾಗದ ಔಷಧಿ ಕೊಡುವವನು ಓದಿದ. ಓದಿ, ನಿಮಗೆ ಕೆಲಸ ಹೇಳುವ ಆ ಸೀಟಿಗೆ ಹೇಳಿದ. ಸೀಟಿ ನಾನು ದುಡಿಯುವ ಅಂಗಡಿಗೆ ಬಂದ. ನಗು ಮುಖ ಮಾಡಿ ನಿಂತ. ಕಡಲ ಗಾಳಿ ಮಗಳಿಗೆ ಹಿಡಿಸಿತಾ ಅಂತ ಕೇಳಿದ. ಅದು ನೀನು ಬರೆದ ಮಾತು. ಅವನಿಗೆ ಹೇಗೆ ತಿಳಿಯಿತು? ಮೇಜಿನ ಮೇಲಿನ ಅಂಗಿ ಸೀದು ಹೋಯಿತು.

ಆ ದಿನವೇ ಶಾಲೆಗೆ ಹೋಗಿ ಕೂತೆ.

ನೀನು ಈಗಲೇ ಆ ಊರು ಬಿಡು. ಹೊಸ ಊರಿನ ಹೆಸರು ನನಗೂ ಹೇಳಬೇಡ. ವಕೀಲರಿಗೆ ಹೇಳು, ಸಾಕು. ಮನೆಗೆ ಕಾಗದ ಬೇಡ. ಶಾಲೆಗೆ ಹಾಕು. ಬಿಡಿ ಬಿಡಿಯಾಗಿ ಬರೆ. ನಾನೇ ಓದುವೆ.

ಹೆದರಬೇಡ ಅಂತ ಬರೆಯಬೇಕು. ಆದರೆ ನಾನೇ ಹೆದರಿರುವೆ.

ಚಳಿಗೆ ಶಾಲು ಹೊದೆ.

ತಾಯಿ


ಸೆಪ್ಟೆಂಬರ್ ೩೦

ಅಮ್ಮ,

ವಕೀಲಮ್ಮನ ಕವರಿನಿಂದ ನಿನ್ನ ಕಾಗದ ತೆಗೆದಾಗ ಯಾವುದೋ ಮಗು ಬರೆದದ್ದು ಅಂದುಕೊಂಡೆ. ‘ಅಂಗಿ ಸೀದು ಹೋಯಿತು’ ಅನ್ನುವಲ್ಲಿಗೆ ಬಂದಾಗ ಇಸ್ತ್ರಿ ಅಂಗಡಿಯ ನನ್ನ ಅಮ್ಮನೇ ಅಂತ ಗೊತ್ತಾಯಿತು. ಮತ್ತೆ ಓದಿದೆ. ಒಂದೇ ಒಂದು ಒತ್ತಕ್ಷರ ಇಲ್ಲ. ಬಾರದ ಪದಗಳನ್ನೆಲ್ಲ ಬಿಟ್ಟು, ಬರುವ ಪದಗಳನ್ನೇ ಹುಡುಕಿ ಹುಡುಕಿ ಬರೆದಿದ್ದೀ. ‘ಅಮ್ಮ’ ಅಂತ ಸಹಿ ಹಾಕಲಿಕ್ಕೂ ನಿನಗೆ ಬಂದಿಲ್ಲ. ತುಂಬಾ ಹೊತ್ತು ಅತ್ತೆ.

ಆ ಊರು ಬಿಟ್ಟೆ. ಎಲ್ಲಿದ್ದೇನೆ ಅಂತ ಬರೆಯುವುದಿಲ್ಲ.

ನೀನೇ ಓದುತ್ತೀ ಅಂದಮೇಲೆ, ಆ ದಿನ ನಿನಗೆ ಹೇಳದೆ ಹೊರಟದ್ದಕ್ಕೆ ಕಾರಣ ಬರೆಯುತ್ತೇನೆ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಹೊಲಿಗೆ ವಿಭಾಗಕ್ಕೆ ಹಿಂದೆ ಒಂದು ಬಾಗಿಲು ಇದೆ. ಹುಡುಗಿಯರು ಬಟ್ಟೆ ಚೂರು ಕದ್ದು ಹೊರಗೆ ಸಾಗಿಸುತ್ತಾರೆ ಅಂತ ಮಾಲೀಕರು ಅದಕ್ಕೆ ಬೀಗ ಹಾಕಿಸುತ್ತಿದ್ದರು. ಬೀಗ ಹಾಕುತ್ತಿದ್ದವನು ಸೂಪರ್‌ವೈಸರ್ ಸೀಟಿ. ನಮ್ಮನ್ನು ಹೆಸರು ಹಿಡಿದು ಕರೆಯದೆ ಸೀಟಿ ಊದಿ ಕರೆಯುತ್ತಿದ್ದ, ಅದಕ್ಕೇ ಆ ಹೆಸರು. ಆ ದಿನವೂ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನಾನು ನೋಡಿದೆ. ಮುಂದಿನ ಬಾಗಿಲ ಕಡೆಯಿಂದ ಹೊಗೆ ಬಂದಾಗ ನಾವೆಲ್ಲ ಹಿಂದಕ್ಕೆ ಓಡಿದೆವು. ಅವನು ಮುಂದಕ್ಕೆ ಓಡಿದ. ಸೊಂಟದಲ್ಲಿ ಕೀಲಿ ಹಾಗೇ ಇತ್ತು. ಬಾಗಿಲು ತೆರೆದೇ ಇತ್ತು, ಹುಡುಗಿಯರೇ ಗಾಬರಿಯಾಗಿ ಸತ್ತರು ಅಂತ ಈಗ ಕಾರ್ಖಾನೆಯವರು ಹೇಳುತ್ತಿದ್ದಾರೆ. ಬೀಗ ನೋಡಿದವರಲ್ಲಿ ಉಳಿದವಳು ನಾನೊಬ್ಬಳೇ.

ನನ್ನ ಗೆಳತಿ ಜಡೆ ಆಗ ನನ್ನ ಪಕ್ಕದಲ್ಲೇ ಇದ್ದಳು. ಆ ವಿಷಯ ಈಗ ಬರೆಯಲಾರೆ.

ಗುಬ್ಬಿ


ನವೆಂಬರ್ ೮

ಗುಬ್ಬಿ, ಕತ್ತೆ,

ನಿನ್ನ ಕಾಗದ ಓದಿ ಮುಗಿಸಲು ಒಂದು ತಿಂಗಳ ಮೇಲೆ ಹಿಡಿಯಿತು. ಟೀಚರಮ್ಮ ಒಂದೊಂದು ಒತ್ತಕ್ಷರ ಕಲಿಸಿದ ಹಾಗೆ ಕಾಗದ ಒಂದೊಂದು ಸಾಲು ಮುಂದೆ ಹೋಗುತ್ತಿತ್ತು. ‘ಬೀಗ’ ಅನ್ನುವುದು ಮೊದಲ ದಿನವೇ ಸಿಕ್ಕಿತು. ಅದರ ಸುತ್ತ ಇದ್ದ ಮಾತುಗಳು ಸಿಗಲಿಲ್ಲ. ಬೀಗವನ್ನು ತಲೆಯಲ್ಲಿ ಇಟ್ಟುಕೊಂಡು ದಿನವೂ ಇಸ್ತ್ರಿ ಮಾಡುತ್ತಿದ್ದೆ. ಯಾರನ್ನಾದರೂ ಕೇಳಿಬಿಡೋಣ ಅನ್ನಿಸುತ್ತಿತ್ತು. ಕೇಳಲಿಲ್ಲ.

ನಿನ್ನ ಜೂನ್ ತಿಂಗಳ ಕಾಗದವನ್ನೂ ತೆಗೆದು ಓದಿದೆ. ಶಾಲೆಗೆ ಹೋಗು ಅಂತ ನೀನು ಬರೆದದ್ದನ್ನು ಕಂಪೌಂಡರ್ ಓದಿಯೇ ಇರಲಿಲ್ಲ. ಅವನ ಹತ್ತಿರ ಎಷ್ಟು ವರ್ಷ ಜ್ವರದ ಮಾತ್ರೆ ತಂದು ನುಂಗಿದ್ದೇವೆ!

ಈಗ ಅವನು ಬೇಲಿಯ ಆಚೆಯಿಂದ ಕೇಳುತ್ತಾನೆ: “ಏನಕ್ಕಾ, ಮಗಳ ಕಾಗದಾನೇ ಇಲ್ಲ? ಮರೆತೇಬಿಟ್ಲಾ?” ನಾನು “ಹಾಳಾಗಿ ಹೋಗ್ಲಿ, ಎಲ್ಲಿ ಸತ್ತಿದ್ದಾಳೋ” ಅನ್ನುತ್ತೇನೆ. ಹೇಳಿ ಒಳಗೆ ಬಂದು ಬಾಯಿ ತೊಳೆದುಕೊಳ್ಳುತ್ತೇನೆ.

ಇನ್ನೊಂದು ವಿಷಯ. ಒಬ್ಬ ಗಂಡಸು ದಿನವೂ ಅಂಗಡಿಗೆ ಒಂದು ಅಂಗಿ ತರುತ್ತಾನೆ. ನೀಲಿ ಅಂಗಿ. ಇಸ್ತ್ರಿ ಆಗುವವರೆಗೂ ಎದುರಿನ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಾನೆ. ಮಾರನೆಯ ದಿನ ಮತ್ತೆ ಅದೇ ಅಂಗಿ. ತೊಟ್ಟ ಗುರುತಿಲ್ಲ, ಬೆವರಿನ ವಾಸನೆ ಇಲ್ಲ, ನಾನು ಮಡಿಸಿದ ಮಡಿಕೆ ಹಾಗೇ ಇರುತ್ತದೆ. “ಇದು ಇಸ್ತ್ರಿ ಆಗಿದೆಯಲ್ಲಪ್ಪ” ಅಂದೆ. “ಇನ್ನೊಂದ್ಸಲ ಮಾಡಮ್ಮ, ನನಗೇನೂ ಅರ್ಜೆಂಟಿಲ್ಲ” ಅಂದ.

ಶಾಲೆಯಲ್ಲಿ ನನ್ನ ಪಕ್ಕ ಚಾಪೆಯ ಮೇಲೆ ಯಾರು ಕೂರುತ್ತಾರೆ ಗೊತ್ತಾ? ಮೂಲೆಮನೆ ಅಕ್ಕ, ನಿನ್ನ ಜಡೆಯ ತಾಯಿ. ಇಬ್ಬರಿಗೂ ಸೇರಿ ಒಂದೇ ಸ್ಲೇಟು. ಅವಳು ಮಗಳ ಹೆಸರು ಒಂದನ್ನು ಬರೆಯಲು ಕಲಿತಳು, ಅದನ್ನೇ ಬರೆಯುತ್ತಾಳೆ, ಅಳಿಸುತ್ತಾಳೆ. ಮಗಳು ಬಿಟ್ಟುಬಂದ ಚೀಲ ತರಲು ಬೆಂಕಿಯೊಳಗೆ ವಾಪಸ್ ಓಡಿದಳಂತೆ. ಕಾರ್ಖಾನೆಯವರು ಅವಳಿಗೆ ಹಾಗೆ ಹೇಳಿದ್ದಾರೆ. ನಾನು ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ.

ಮಗಳೇ, ಸಾಕ್ಷಿ ಹೇಳಬೇಡ. ಸೀಟಿ ಜಾಮೀನಿನ ಮೇಲೆ ಹೊರಗೇ ಇದ್ದಾನೆ. ಸತ್ತವರಿಗೆ ಇನ್ನು ಯಾರ ಹೆದರಿಕೆಯೂ ಇಲ್ಲ, ನನಗೆ ಇದೆ. ನೀನು ಎಲ್ಲಾದರೂ ಇರು, ಉಸಿರಾಡಿಕೊಂಡು ಇರು.

ಅಮ್ಮ


ಡಿಸೆಂಬರ್ ೨೧

ಗುಬ್ಬಿ,

ನೀನು ಉತ್ತರ ಬರೆಯಲಿಲ್ಲ. ಸಿಟ್ಟೋ, ಕಾಗದ ತಲುಪಲಿಲ್ಲವೋ, ಇನ್ನೇನಾದರೂ ಆಯಿತೋ. ಅಂಚೆಯವನು ಶಾಲೆಯ ಗೇಟಿನ ಮುಂದೆ ನಿಲ್ಲದೆ ಹೋದ ದಿನ ನನಗೆ ತುತ್ತು ಇಳಿಯುವುದಿಲ್ಲ. ಆದರೂ ನಡೆದದ್ದನ್ನು ಬರೆಯುತ್ತೇನೆ.

ನಮ್ಮ ಊರು ಪೂರ್ಣ ಸಾಕ್ಷರವಾಯಿತು ಅಂತ ಮೇಲಿನವರಿಗೆ ತೋರಿಸಬೇಕಂತೆ. ಅದಕ್ಕೆ ಶಾಲೆಯ ಅಂಗಳದಲ್ಲಿ ಸಮಾರಂಭ. ದೊಡ್ಡ ಅಧಿಕಾರಿ ಬಂದರು. ಸ್ಲೇಟು, ಪುಸ್ತಕ, ಚಾಪೆ ದಾನ ಕೊಟ್ಟವರು ಅಂತ ಪಕ್ಕದ ಕುರ್ಚಿಯಲ್ಲಿ ಕೂತವರು ಯಾರು ಅಂದುಕೊಂಡೆ? ನಿಮ್ಮ ಮಾಲೀಕರು. ಅವರ ಕುರ್ಚಿಯ ಹಿಂದೆ ಸೀಟಿ ನಿಂತಿದ್ದ. ನೀಲಿ ಅಂಗಿಯವನೂ ಜನರ ನಡುವೆ ಇದ್ದ. ಕೊನೆಗೂ ಅದನ್ನು ತೊಟ್ಟಿದ್ದ. ಓಡಿಹೋಗೋಣ ಅಂದರೆ ಟೀಚರಮ್ಮ ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದಳು. ಎಲ್ಲರಿಗಿಂತ ಚೆನ್ನಾಗಿ ಬರೆಯುವವಳು ನಾನು ಅಂತ ಅವಳಿಗೆ ಹೆಮ್ಮೆ.

ಮಾಲೀಕರು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ಅಧಿಕಾರಿ ನಗುತ್ತಾ ನನ್ನ ಕಡೆ ಬೆರಳು ತೋರಿಸಿದರು.

“ಬಾಮ್ಮ, ಬೋರ್ಡಿನ ಮೇಲೆ ಮಗಳಿಗೆ ಒಂದು ಕಾಗದ ಬರಿ ನೋಡೋಣ. ವಿಳಾಸ ಬರೆಯೋದು ಪಾಠದಲ್ಲಿ ಆಗಿದೆಯಲ್ಲ? ವಿಳಾಸದ ಸಮೇತ ಬರಿ.”

ಸೀಮೆಸುಣ್ಣ ಕೈಗೆ ಕೊಟ್ಟರು. ಬೆನ್ನಿನ ಮೇಲೆ ಅವರೆಲ್ಲರ ಕಣ್ಣು ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಸುಡುತ್ತಿತ್ತು. ನನಗೆ ನಿನ್ನ ಊರು ಗೊತ್ತಿಲ್ಲ, ದೇವರೇ ಕಾಪಾಡಿದ. ಆದರೆ ನನಗೆ ಬರೆಯಲು ಬರುತ್ತದೆ ಅಂತ ಗೊತ್ತಾದರೆ ಕಾಗದ ಬರುತ್ತದೆ ಅಂತಲೂ ಗೊತ್ತಾಗುತ್ತದೆ. ಎಲ್ಲಿಗೆ ಬರುತ್ತದೆ ಅಂತ ಹುಡುಕುತ್ತಾರೆ. ಅಂಚೆಯವನ ಚೀಲಕ್ಕೆ ಕೈ ಹಾಕುತ್ತಾರೆ.

ನಾನು ‘ಮ’ ಬರೆದೆ, ತಲೆಕೆಳಗಾಗಿ. ಆಮೇಲೆ ಒಂದು ಸೊನ್ನೆ. ಆಮೇಲೆ ಕಡ್ಡಿಯಂಥ ಗೆರೆ. “ಇಷ್ಟೇ ಸಾಮಿ, ಮರೆತೋಯ್ತು” ಅಂದೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮಾಲೀಕರೂ ನಕ್ಕರು. ಕಂಪೌಂಡರ್ ಎದ್ದು “ಇಸ್ತ್ರಿ ಅಕ್ಕನ ಗೆರೆ ಬಟ್ಟೆ ಮೇಲಷ್ಟೇ ನೆಟ್ಟಗೆ ಬರೋದು!” ಅಂದ. ನಾನೂ ಹಲ್ಲು ಬಿಟ್ಟೆ. ಟೀಚರಮ್ಮ ಮಾತ್ರ ನಗಲಿಲ್ಲ. ಅಧಿಕಾರಿ ಅವಳಿಗೆ “ಆರು ತಿಂಗಳು ಏನ್ರೀ ಕಲಿಸಿದ್ರಿ?” ಅಂತ ಎಲ್ಲರ ಎದುರು ಕೇಳಿದರು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮನೆಗೆ ಬರುವಾಗ ಮೂಲೆಮನೆ ಅಕ್ಕ ಜೊತೆಗೇ ನಡೆದಳು. ಒಂದೇ ಸ್ಲೇಟಿನಲ್ಲಿ ಬರೆಯುವವಳು, ಅವಳಿಗೆ ಗೊತ್ತಿಲ್ಲವಾ? ತಿರುವಿನಲ್ಲಿ ನಿಂತು ಕೇಳಿದಳು: “ಯಾಕೆ ಹಾಗ್ಮಾಡ್ದೆ? ಯಾರಿಗೆ ಹೆದರಿ ಹಾಗ್ಮಾಡ್ದೆ?”

ನಾನು ಬಿರಬಿರನೆ ಬಂದುಬಿಟ್ಟೆ. ಒಂದು ಸಾಲಾದರೂ ಬರೆ.

ಅಮ್ಮ


ಜನವರಿ ೧೨

ಅಮ್ಮ,

ನಿನ್ನ ಎರಡೂ ಕಾಗದ ಒಟ್ಟಿಗೇ ಬಂದವು. ವಕೀಲಮ್ಮ ಹುಷಾರು ತಪ್ಪಿ ಆಸ್ಪತ್ರೆಯಲ್ಲಿದ್ದರು. ಸಿಟ್ಟಿಲ್ಲ.

ಕೋರ್ಟಿನ ದಿನ ಗೊತ್ತಾಗಿದೆ, ಮುಂದಿನ ತಿಂಗಳು ಹತ್ತೊಂಬತ್ತು. ವಕೀಲಮ್ಮ ಬಂದು ಕೇಳಿದರು, ಬರುತ್ತೀಯಾ ಇಲ್ಲವಾ ಅಂತ. ಬರುವುದಿಲ್ಲ ಅಂದೆ. ಅವರು ಬಯ್ಯಲಿಲ್ಲ. ಇನ್ನೊಮ್ಮೆ ಯೋಚನೆ ಮಾಡು ಅಂತ ಹೇಳಿ ಹೋದರು.

ನೀನು ಬೇಡ ಅಂದಿದ್ದಕ್ಕೆ ಅಲ್ಲ. ಸೀಟಿಗೆ ಹೆದರಿಯೂ ಅಲ್ಲ. ಅವನ ವಕೀಲ ಖಂಡಿತ ಕೇಳುವ ಪ್ರಶ್ನೆ ಒಂದಿದೆ: “ಬಾಗಿಲಿಗೆ ಬೀಗ ಇತ್ತಲ್ಲಮ್ಮ, ಹಾಗಾದ್ರೆ ನೀನು ಹೇಗೆ ಹೊರಗೆ ಬಂದೆ?”

ಕಕ್ಕಸಿನ ಗೋಡೆಯಲ್ಲಿ ಮೇಲೆ ಒಂದು ಕಿಂಡಿ ಇದೆ. ಕೈಗೆ ಎಟುಕುವುದಿಲ್ಲ. ಜಡೆ ಗೋಡೆಗೆ ಕೈ ಊರಿ ಬಗ್ಗಿ “ಹತ್ತೇ” ಅಂದಳು. ನಾನು ಅವಳ ಹೆಗಲ ಮೇಲೆ ಕಾಲಿಟ್ಟು ಹತ್ತಿದೆ. “ನೀನು ಹೊರಗೆ ಹೋಗಿ ನನ್ನ ಕೈ ಹಿಡಿದು ಎಳಿ” ಅಂದಳು. ಹೊರಗೆ ಹಾರಿದರೆ ಗೋಡೆ ಆ ಕಡೆಯಿಂದ ಇನ್ನೂ ಎತ್ತರ. ಹಾರುವವರೆಗೆ ನನಗೆ ಗೊತ್ತಿರಲಿಲ್ಲ. ನಾನು ಕಲ್ಲು, ಹಲಗೆ, ಏನಾದರೂ ಸಿಗುತ್ತಾ ಅಂತ ಓಡಾಡಿದೆ. ಅವಳು ಒಳಗಿನಿಂದ ಕರೆಯುತ್ತಿದ್ದಳು. ಆಮೇಲೆ ಕರೆಯಲಿಲ್ಲ.

ನಮ್ಮ ಬೀದಿಯವರೆಲ್ಲ ಕೋರ್ಟಿಗೆ ಬರುತ್ತಾರೆ. ಅವಳ ಅಮ್ಮನೂ ಬಂದು ಕೂರುತ್ತಾರೆ. ಅವರ ಎದುರು ಇದನ್ನು ಹೇಗೆ ಹೇಳಲಿ? ಆಗುವುದಿಲ್ಲ ಅಮ್ಮ. ಸೀಟಿ ಚೂರಿ ಹಿಡಿದು ಬಂದರೂ ಎದುರು ನಿಲ್ಲುತ್ತೇನೆ, ಅವರ ಮುಖಕ್ಕೆ ನಿಲ್ಲಲಾರೆ.

ಗುಬ್ಬಿ


ಜನವರಿ ೨೬

ನನ್ನ ಗುಬ್ಬಿ,

ಕಾಗದವನ್ನು ಅಂಗಡಿಯ ಹಿಂದೆ, ಕೊಳೆ ಬಟ್ಟೆಯ ಮೂಟೆಗಳ ನಡುವೆ ಕೂತು ಓದಿದೆ. ಈ ಸಲ ಎಲ್ಲೂ ತಡವರಿಸಲಿಲ್ಲ. ಅಷ್ಟು ಬೇಗ ಓದಲು ಬಾರದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮೂಲೆಮನೆ ಅಕ್ಕ ಸಮಾರಂಭದ ದಿನದಿಂದ ನನ್ನ ಪಕ್ಕ ಕೂರುವುದನ್ನು ಬಿಟ್ಟಿರಲಿಲ್ಲ, ಮಾತು ಮಾತ್ರ ಬಿಟ್ಟಿದ್ದಳು. ನಿನ್ನೆ ಸ್ಲೇಟಿನ ಮೇಲೆ ಏನೋ ಬರೆದು ನನ್ನ ಕಡೆ ತಳ್ಳಿದಳು. ಮಗಳ ಹೆಸರಲ್ಲ, ಮೊದಲ ಸಲ ಬೇರೆ ಮಾತು: ‘ನಿನಗೆ ಗೊತ್ತು.’ ಒತ್ತು ಸರಿಯಾಗಿಯೇ ಹಾಕಿದ್ದಳು.

ಶಾಲೆ ಬಿಟ್ಟ ಮೇಲೆ ನೀರಿನ ತೊಟ್ಟಿಯ ಹಿಂದೆ ಕರೆದುಕೊಂಡು ಹೋಗಿ ಹೇಳಿದೆ. ಬೀಗ ಹಾಕಿತ್ತು, ಕೀಲಿ ಸೀಟಿಯ ಹತ್ತಿರ ಇತ್ತು, ನಿನ್ನ ಮಗಳು ಚೀಲಕ್ಕೆ ಓಡಲಿಲ್ಲ ಅಂತ. ಅವಳು ಗೋಡೆ ಹಿಡಿದು ಕೂತುಬಿಟ್ಟಳು. “ದಿನಾ ಬೈತಿದ್ನಲ್ಲೇ ಅವಳನ್ನ. ಒಂದು ಹಾಳು ಚೀಲಕ್ಕೆ ಪ್ರಾಣ ಕೊಟ್ಯಲ್ಲೇ ದರಿದ್ರದವಳೇ ಅಂತ, ಸತ್ತ ಮಗೂನ ದಿನಾ ಬೈತಿದ್ನಲ್ಲೇ” ಅಂದಳು.

ಅಷ್ಟು ಹೇಳಿದೆ. ಹೆಗಲಿನ ವಿಷಯ ಹೇಳಲಿಲ್ಲ. ಅದು ನಿನ್ನ ಬಾಯಿಂದ ಬರಬೇಕಾದ ಮಾತು.

ಬರಬೇಡ ಅಂತ ನಾನೇ ಬರೆದಿದ್ದೆ. ಈಗ ಬಾ ಅಂತ ಬರೆಯುತ್ತಿದ್ದೇನೆ. ಧೈರ್ಯ ಬಂದಿದೆ ಅಂದುಕೊಳ್ಳಬೇಡ. ನೀಲಿ ಅಂಗಿಯವನು ಈಗ ಕಟ್ಟೆಯ ಮೇಲೆ ಕೂರುವುದಿಲ್ಲ, ಸಂಜೆ ನನ್ನ ಹಿಂದೆಯೇ ಮನೆಯ ತನಕ ನಡೆಯುತ್ತಾನೆ. ಅಕ್ಷರ ಹೇಗೆ ಸೊಟ್ಟಗಾಗಿದೆ ನೋಡು, ಇದು ಬೋರ್ಡಿನ ಮೇಲಿನ ನಾಟಕವಲ್ಲ. ಆದರೂ ಬಾ. ಬಸ್ಸಿನಲ್ಲಿ ಬರಬೇಡ, ನಿಲ್ದಾಣದಲ್ಲಿ ಅವರ ಜನ ಇರುತ್ತಾರೆ. ವಕೀಲಮ್ಮನ ಜೊತೆ ಕಾರಿನಲ್ಲಿ ನೇರ ಕೋರ್ಟಿನ ಒಳಗೆ ಬಾ. ನನ್ನನ್ನು ನೋಡಬೇಡ. ನೋಡಿದರೆ ಇಬ್ಬರೂ ಅಳುತ್ತೇವೆ, ಮಾತು ನಿಂತುಹೋಗುತ್ತದೆ.

ಅಮ್ಮ


ಮಾರ್ಚ್ ೨೨

ಗುಬ್ಬಿ,

ಕೋರ್ಟಿನಲ್ಲಿ ಆ ದಿನ ನೀನು ಸಾಕ್ಷಿ ಹೇಳಿ ಮುಗಿಸಿದ ಕೂಡಲೇ ಪೊಲೀಸಿನವರು ನಿನ್ನನ್ನು ಹಿಂದಿನಿಂದ ಕರೆದುಕೊಂಡು ಹೋದರು. ಸೊರಗಿದ್ದೀ. ಕುತ್ತಿಗೆಯ ಮೂಳೆ ಕಾಣುತ್ತಿತ್ತು. ನಾನು ಓಡಿಬರುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಆಮೇಲಿನದು ಕೇಳು. ಸೀಟಿಯ ಜಾಮೀನು ರದ್ದಾಗಿ ಒಳಗೆ ಹಾಕಿದರು. ಒಳಗೆ ಹೋದವನೇ ಮಾಲೀಕರು ಹೇಳಿದ್ದಕ್ಕೇ ಬೀಗ ಹಾಕಿದೆ ಅಂತ ಬರೆದುಕೊಟ್ಟಿದ್ದಾನಂತೆ. ಮಾಲೀಕರನ್ನೂ ಹಿಡಿದರು. ತೀರ್ಪು ಬರುವುದು ತಡವಾಗುತ್ತದೆ, ಆದರೆ ಇಬ್ಬರೂ ಈಗ ಹೊರಗಿಲ್ಲ ಅಂತ ವಕೀಲಮ್ಮ ಬರೆದಿದ್ದಾರೆ. ಹೊರಗೆ ಇರುವ ಅವರ ಜನ ನಮ್ಮ ಮನೆಯ ಹೆಂಚು ಒಡೆದರು. ಅಂಗಡಿಯವರು ನಾಳೆಯಿಂದ ಬರಬೇಡ ಅಂದರು. ಕಂಪೌಂಡರ್ ಮನೆ ಖಾಲಿ ಮಾಡಿದ, ಎಲ್ಲಿಗೆ ಹೋದನೋ. ಸರ್ಕಾರದ ಅವಧಿ ಮುಗಿಯಿತು ಅಂತ ಸಂಜೆ ಶಾಲೆಯನ್ನೂ ಮುಚ್ಚಿದರು. ಟೀಚರಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು “ತಲೆಕೆಳಗಾದ ‘ಮ’ ಬರೆಯೋದು ಎಷ್ಟು ಕಷ್ಟ ಗೊತ್ತಾ!” ಅಂತ ನಕ್ಕಳು.

ಇಲ್ಲಿ ನನಗೆ ಇನ್ನೇನೂ ಉಳಿದಿಲ್ಲ. ನಿನ್ನ ಹತ್ತಿರ ಬರುತ್ತಿದ್ದೇನೆ. ಊರಿನ ಹೆಸರನ್ನು ವಕೀಲಮ್ಮ ತಿಳಿಸಿದರು, ರೈಲು ಎಲ್ಲಿ ಬದಲಾಯಿಸಬೇಕು ಅಂತಲೂ ಬರೆದಿದ್ದಾರೆ. ಬೋರ್ಡು ಓದಿಕೊಂಡು ಇಳಿಯುತ್ತೇನೆ.

ಒಬ್ಬಳೇ ಬರುತ್ತಿಲ್ಲ. ಅದನ್ನು ಹೇಳಬೇಕು.

ನೀನು ಕೋರ್ಟಿನಲ್ಲಿ “ಅವಳ ಹೆಗಲ ಮೇಲೆ ಕಾಲಿಟ್ಟು ಹತ್ತಿದೆ” ಅಂದಾಗ ಮೂಲೆಮನೆ ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಅಳಲಿಲ್ಲ. ಕೂಗಲಿಲ್ಲ. ಎದ್ದು ಹೊರಗೆ ಹೋದಳು. ಆಮೇಲೆ ತಿಂಗಳು ಪೂರ್ತಿ ಬಾಗಿಲು ತೆರೆಯಲಿಲ್ಲ, ನಾನು ತಟ್ಟಿದರೂ ತೆರೆಯಲಿಲ್ಲ. ಮೊನ್ನೆ ಬೆಳಿಗ್ಗೆ ಒಂದು ಗಂಟು ಕಟ್ಟಿಕೊಂಡು ನಮ್ಮ ಹೊಸ್ತಿಲ ಹತ್ತಿರ ನಿಂತಿದ್ದಳು.

“ನೀನು ಹೋಗುವಾಗ ನಾನೂ ಬರ್ತೀನಿ” ಅಂದಳು.

“ಯಾಕಕ್ಕಾ?” ಅಂದೆ.

“ನೋಡ್ಬೇಕು ಅವಳನ್ನ. ನನ್ನ ಮಗಳು ಹೊತ್ತವಳನ್ನ ನಾನು ನೋಡ್ಬೇಕು.”

ಅವಳ ಮುಖದಲ್ಲಿ ಏನಿತ್ತು ಅಂತ ನನಗೆ ತಿಳಿಯಲಿಲ್ಲ. ನಿನ್ನನ್ನು ತಬ್ಬಿಕೊಳ್ಳುತ್ತಾಳೋ, ಶಾಪ ಹಾಕುತ್ತಾಳೋ ಗೊತ್ತಿಲ್ಲ. ಕೇಳಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಇಷ್ಟು ದಿನ ಪಟ್ಟ ಹೆದರಿಕೆಯೆಲ್ಲ ಒಂದು ತೂಕ, ಇದೊಂದು ತೂಕ.

ಭಾನುವಾರ ಹೊರಡುತ್ತೇವೆ. ಅವಳು ಬಂದಾಗ ಒಳಗೆ ಹೋಗಿ ಅವಿತುಕೊಳ್ಳಬೇಡ. ಅವಳ ಎದುರಿಗೇ ಕೂತುಕೋ. ಮಗಳು ಕೊನೆಯಲ್ಲಿ ಏನು ಅಂದಳು ಅಂತ ಕೇಳಿದರೆ ಒಂದು ಮಾತೂ ಬಿಡದೆ ಹೇಳು. ಹೊಡೆದರೆ ಹೊಡೆಸಿಕೋ. ನಾನು ನಿನ್ನ ಪಕ್ಕದಲ್ಲಿ ಇರುತ್ತೇನೆ.

ಅಮ್ಮ